ತೈಗಾದ ಚಳಿಯಲ್ಲಿ ಜನ ಹೇಗೆ ಬದುಕುತ್ತಾರೆ? ಆ ಕಾಡಿಗೆ ನಮ್ಮಿಂದ ಏನಾಗುತ್ತಿದೆ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಹನ್ನೊಂದು ವರ್ಷದಿಂದ ನವಿ ಮುಂಬೈ ಹತ್ತಿರದ ತಲೋಜಾದಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಒಳಗೆ ಮೈನಸ್ 20 ಡಿಗ್ರಿ. ದಪ್ಪ ಜಾಕೆಟ್ ಹಾಕಿಕೊಂಡು ಹೋದರೂ ಇಪ್ಪತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ. ಸೈಬೀರಿಯಾದ ತೈಗಾ ಕಾಡಿನಲ್ಲಿ ಮೈನಸ್ 50ರಲ್ಲೂ ಜನ ಇದ್ದಾರಂತೆ. ಹೇಗೆ ಸಾಧ್ಯ? ಒಬ್ಬರೇ ಮರದ ಗುಡಿಸಲು ಕಟ್ಟಿಕೊಂಡು ಇರುವವರ ವಿಡಿಯೋ ನೋಡುತ್ತೇನೆ, ಹಾಗೆ ಇರಬಹುದಾ? ಇನ್ನೊಂದು. ಅಷ್ಟು ದೊಡ್ಡ ಕಾಡು, ಜನ ಬೆರಳೆಣಿಕೆ. ಮನುಷ್ಯನಿಂದ ಅಲ್ಲಿ ಹಾಳಾಗುವುದು ಏನಿದೆ? ನಮ್ಮ ಘಟ್ಟದಲ್ಲಿ ಕಡಿದ ಜಾಗ ಎರಡು ಮಳೆಗಾಲ ಕಳೆದರೆ ಮತ್ತೆ ಹಸಿರಾಗುತ್ತದಲ್ಲ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ನಾನು ಯಲ್ಲಾಪುರದವನು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನನ್ನ ಕೆಲಸ ಕಾಡಿನ ಮಣ್ಣಿನದು. ನಮ್ಮೂರಲ್ಲಿ ಬೆಟ್ಟದಿಂದ ದರಕು, ಅಂದರೆ ತರಗೆಲೆ, ಗುಡಿಸಿ ತಂದು ಅಡಿಕೆ ಮರದ ಬುಡಕ್ಕೆ ಹಾಕುತ್ತಾರೆ. ಒಂದು ಮಳೆಗಾಲ ಕಳೆದು ನೋಡಿದರೆ ಎಲೆ ಇರುವುದಿಲ್ಲ, ಕಪ್ಪು ಮಣ್ಣು ಇರುತ್ತದೆ. ಸೆಕೆ, ನೀರು, ಗೆದ್ದಲು, ಬೂಷ್ಟು ಎಲ್ಲ ಸೇರಿ ಮುಗಿಸಿಬಿಡುತ್ತವೆ. ತೈಗಾ ಎಂದರೆ ಉತ್ತರದ ಚಳಿ ಸೀಮೆಯ ಸೂಜಿ ಎಲೆ ಮರಗಳ ಕಾಡು. ಅಲ್ಲಿ ಬಿದ್ದ ಎಲೆ ಹಾಗೆ ಮಣ್ಣಾಗುವುದಿಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ನೆಲ ಹೆಪ್ಪುಗಟ್ಟಿರುತ್ತದೆ. ಎಲೆ ಮೇಲೆ ಎಲೆ ಕೂತು, ಅದರ ಮೇಲೆ ಪಾಚಿ ಬೆಳೆದು, ಮೆತ್ತನೆ ಹಾಸಿಗೆಯ ಹಾಗೆ ಆಗುತ್ತದೆ. ಅಲ್ಲಿ ಕೊಳೆಯುವುದೂ ನಿಧಾನ, ಬೆಳೆಯುವುದೂ ನಿಧಾನ.

ನನ್ನ ಮೇಜಿನ ಮೇಲೆ ಒಂದು ಮರದ ಬಿಲ್ಲೆ ಇದೆ. ಗೆಳೆಯರೊಬ್ಬರು ಫಿನ್‌ಲ್ಯಾಂಡಿನ ಉತ್ತರ ಭಾಗದಿಂದ ತಂದುಕೊಟ್ಟದ್ದು. ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ, ದಪ್ಪ ನನ್ನ ಮಣಿಕಟ್ಟಿನಷ್ಟು. ಒಂದು ಭಾನುವಾರ ಭೂತಗನ್ನಡಿ ಹಿಡಿದು ಸುತ್ತುಗಳನ್ನು ಎಣಿಸಿದೆ. ಗುಂಡುಸೂಜಿಯ ಮೊನೆ ಇಟ್ಟರೆ ಎರಡು ಮೂರು ಸುತ್ತು ಒಟ್ಟಿಗೆ ಮುಚ್ಚಿಹೋಗುತ್ತಿದ್ದವು. ಎರಡು ಸಲ ಲೆಕ್ಕ ತಪ್ಪಿ, ಮೂರನೇ ಸಲಕ್ಕೆ ನೂರರ ಹತ್ತಿರ ಬಂತು. ನಮ್ಮ ಕಡೆ ಅಷ್ಟು ವಯಸ್ಸಿನ ತೇಗವನ್ನು ಒಬ್ಬರೇ ತಬ್ಬಿಕೊಳ್ಳಲು ಆಗುವುದಿಲ್ಲ, ಅಲ್ವಾ?

ಬೇಗ ಕೊಳೆಯದ ಈ ನಿಧಾನವೇ ಮಾಂಸ, ಮೀನು ಕೆಡದ ಹಾಗೆ ಇಟ್ಟು ಅಲ್ಲಿಯ ಜನರನ್ನು ಉಳಿಸಿದೆ. ಅಲ್ಲಿ ಮಾಡಿದ ಗಾಯ ಬೇಗ ಮಾಯದಿರುವುದಕ್ಕೂ ಇದೇ ಕಾರಣ.

ಈಗ ಚಳಿಗೆ ಬರೋಣ. ನಿಮ್ಮ ಬೆರಳು ಮರಗಟ್ಟಲು ಮೈನಸ್ 20 ಒಂದೇ ಕಾರಣವಲ್ಲ. ಮೇಲಿನಿಂದ ಬ್ಲೋವರ್ ಗಾಳಿ ಬಡಿಯುತ್ತಿರುತ್ತದೆ. ಪೆಟ್ಟಿಗೆ ಎತ್ತಿ ಎತ್ತಿ ಗ್ಲೌಸ್ ಒದ್ದೆಯಾಗಿರುತ್ತದೆ. ಹೊರಗಿನ ಸೆಕೆಗೆ ಬೆವರಿದ ಬನಿಯನ್ ಮೇಲೇ ಜಾಕೆಟ್ ಹಾಕಿರುತ್ತೀರಿ. ಗಾಳಿ ಮತ್ತು ಒದ್ದೆ, ಇವೆರಡೇ ಮೈಯ ಬಿಸಿಯನ್ನು ಕದಿಯುವ ದೊಡ್ಡ ಕಳ್ಳರು. ಪೂರ್ವ ಸೈಬೀರಿಯಾದ ನಡು ಚಳಿಗಾಲದಲ್ಲಿ ಗಾಳಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ತಣ್ಣಗಿನ ಭಾರದ ಗಾಳಿ ನೆಲದ ಮೇಲೆ ಕವುಚಿಕೊಂಡು ಕೂತುಬಿಡುತ್ತದೆ. ಒಲೆಯ ಹೊಗೆ ಕೋಲು ನೆಟ್ಟ ಹಾಗೆ ನೇರ ಮೇಲಕ್ಕೆ ಹೋಗುತ್ತದೆ. ಮೈನಸ್ 50 ದಾಟಿದರೆ ಬಾಯಿಂದ ಬಂದ ಉಸಿರು ಅಲ್ಲೇ ಹರಳಾಗಿ, ಸಣ್ಣಗೆ ಸರಸರ ಸದ್ದು ಕೇಳುತ್ತದೆ. ಅಲ್ಲಿಯ ಸಖಾ ಜನ, ಅಂದರೆ ಯಾಕುತರು, ಅದನ್ನು ನಕ್ಷತ್ರಗಳ ಪಿಸುಮಾತು ಅನ್ನುತ್ತಾರೆ.

ಒದ್ದೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಸೌದೆ ಒಡೆಯಲು ಶುರು ಮಾಡುವ ಮೊದಲೇ ಮೇಲಂಗಿ ತೆಗೆದಿಡುತ್ತಾರೆ. ಬೆವರು ಬಂದ ಮೇಲೆ ತೆಗೆದರೆ ತಡವಾಯಿತು. ಕೊಡಲಿ ಕೆಳಗಿಟ್ಟ ಕೂಡಲೇ ಮತ್ತೆ ಹಾಕಿಕೊಳ್ಳುತ್ತಾರೆ. ಹಿಮಸಾರಂಗದ ಕೂದಲ ಒಳಗೆ ಸಣ್ಣ ಸಣ್ಣ ಗೂಡುಗಳಿರುತ್ತವೆ, ಅವುಗಳ ತುಂಬ ಗಾಳಿ. ಅದರ ಚರ್ಮದ ಅಂಗಿ, ಕಾಲಿನ ಚರ್ಮದಿಂದ ಹೊಲಿದ ಬೂಟು, ಇವಕ್ಕಿಂತ ಬೆಚ್ಚಗಿನದು ಇವತ್ತಿಗೂ ಸಿಗುವುದು ಕಷ್ಟ. ಗುಡಾರದ ಒಳಗೆ ಹೋಗುವ ಮೊದಲು ಅಂಗಿಗೆ ಅಂಟಿದ ಹಿಮವನ್ನು ಕೋಲಿನಿಂದ ಬಡಿದು ಉದುರಿಸುತ್ತಾರೆ. ಹಾಗೇ ಹೋದರೆ ಒಲೆಯ ಬಿಸಿಗೆ ಹಿಮ ಕರಗಿ ತುಪ್ಪಳ ಒದ್ದೆ. ನಾಳೆ ಬೆಳಿಗ್ಗೆ ಅದೇ ಅಂಗಿ ಹಲಗೆಯ ಹಾಗೆ ಸೆಟೆದಿರುತ್ತದೆ. ನೀವೂ ಒಂದು ಒಣ ಬನಿಯನ್, ಎರಡು ಜೊತೆ ಒಣ ಗ್ಲೌಸ್ ಹೊರಗೆ ಇಟ್ಟುಕೊಂಡು, ಬದಲಾಯಿಸಿಯೇ ಒಳಗೆ ಹೋಗಿ ನೋಡಿ. ಬೆರಳಿಗೆ ಗೊತ್ತಾಗುತ್ತದೆ.

ಮನೆಯ ವಿಷಯ ಕೇಳಿದರೆ ನಿಮಗೆ ಊರು ನೆನಪಾಗಬಹುದು. ಸಖಾ ಜನ ಮೂಲದಲ್ಲಿ ದಕ್ಷಿಣದ ಹುಲ್ಲುಗಾವಲಿನಿಂದ ದನ, ಕುದುರೆ ಹೊಡೆದುಕೊಂಡು ಬಂದವರು. ಅವರ ಹಳೆಯ ಚಳಿಗಾಲದ ಮನೆಗೆ ಬಲಗಾನ್ ಅನ್ನುತ್ತಾರೆ. ಮರದ ದಿಮ್ಮಿಗಳನ್ನು ಓರೆಯಾಗಿ ನಿಲ್ಲಿಸಿ, ಹೊರಗಿನಿಂದ ಮಣ್ಣು ಮತ್ತು ಸಗಣಿ ಮೆತ್ತುತ್ತಿದ್ದರು. ದನದ ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುತ್ತಿತ್ತು. ಕಿಟಕಿಗೆ ಗಾಜಿಲ್ಲ, ಕೆರೆಯಿಂದ ಕೊಯ್ದ ಐಸ್ ಹಲಗೆಯನ್ನೇ ಕೂರಿಸುತ್ತಿದ್ದರು. ಬೆಳಕು ಬರುತ್ತದೆ, ಗಾಳಿ ಬರುವುದಿಲ್ಲ.

ನೀರಿಗೂ ಅದೇ ಐಸ್. ಚಳಿಗಾಲದ ಶುರುವಿನಲ್ಲಿ ಕೆರೆ, ಹೊಳೆಯ ಮೇಲೆ ನಿಂತು, ನಮ್ಮಲ್ಲಿ ಕಲ್ಲುಕ್ವಾರಿಯಲ್ಲಿ ಕೆಂಪುಕಲ್ಲು ಕೊಯ್ಯುತ್ತಾರಲ್ಲ, ಹಾಗೆ ಗಡ್ಡೆ ಗಡ್ಡೆ ಕೊಯ್ದು ಮನೆ ಅಂಗಳದಲ್ಲಿ ಪೇರಿಸುತ್ತಾರೆ. ದಿನಕ್ಕೊಂದು ಒಳಗೆ ತಂದು ಕರಗಿಸಿ ಕುಡಿಯುವುದು. ಹಳ್ಳಿಗಳಲ್ಲಿ ಈಗಲೂ ಹೀಗೆ ಮಾಡುತ್ತಾರೆ. ಮೀನನ್ನು ಹೊಳೆಯಿಂದ ತೆಗೆದ ಕೂಡಲೇ ಹೊರಗೆ ಇಟ್ಟರೆ ಕಟ್ಟಿಗೆಯಷ್ಟು ಗಟ್ಟಿ. ಅದನ್ನು ನೆಟ್ಟಗೆ ನಿಲ್ಲಿಸಿ, ಚಾಕುವಿನಿಂದ ತೆಳ್ಳಗೆ ಸುರುಳಿ ಸುರುಳಿಯಾಗಿ ಹೆರೆದು, ಉಪ್ಪು ಮೆಣಸು ಮುಟ್ಟಿಸಿ ಹಸಿಯಾಗೇ ತಿನ್ನುತ್ತಾರೆ. ಸ್ತ್ರೊಗನಿನಾ ಅಂತ ಹೆಸರು.

ಆಹಾರದಲ್ಲಿ ಎರಡು ಪಾಠ ಇವೆ. ಒಂದು, ಬರೀ ಮಾಂಸ ಸಾಲದು, ಕೊಬ್ಬು ಬೇಕು. ಉತ್ತರ ಕೆನಡಾದಲ್ಲಿ ಬರಗಾಲಕ್ಕೆ ಮೊಲ ಒಂದನ್ನೇ ತಿಂದು, ಹೊಟ್ಟೆ ತುಂಬಿದ್ದರೂ ಸೊರಗಿ ಸತ್ತವರಿದ್ದಾರೆ. ಚಳಿಗಾಲದ ಮೊಲದಲ್ಲಿ ಕೊಬ್ಬೇ ಇರುವುದಿಲ್ಲ. ಎರಡನೆಯದು, ಹಸಿರು ಸೊಪ್ಪಿಲ್ಲದ ಜಾಗದಲ್ಲಿ ವಿಟಮಿನ್ ಸಿ ಎಲ್ಲಿಂದ? 1535-36ರ ಚಳಿಗಾಲದಲ್ಲಿ ಫ್ರಾನ್ಸಿನ ಜಾಕ್ ಕಾರ್ಟಿಯೆ ಈಗಿನ ಕ್ವಿಬೆಕ್ ನಗರದ ಹತ್ತಿರ ಸಿಕ್ಕಿಹಾಕಿಕೊಂಡ. ಒಸಡು ಕೊಳೆತು, ಕಾಲು ಊದಿ ಅವನ ಕಡೆಯ 25 ಜನ ಸತ್ತರು. ಆಮೇಲೆ ಅಲ್ಲಿಯ ಜನ ಒಂದು ಮರದ ಸೂಜಿ ಎಲೆ, ತೊಗಟೆ ಕುದಿಸಿ ಕಷಾಯ ಮಾಡುವುದನ್ನು ತೋರಿಸಿಕೊಟ್ಟರು. ಉಳಿದವರು ಬದುಕಿದರು. ಆ ಮರ ಅವರ ಸುತ್ತಲೂ ನಿಂತಿತ್ತು. ಕಾಡು ಗೊತ್ತಿದ್ದವರು ಬಂದು ಹೇಳಬೇಕಾಯಿತು.

ಇದರಿಂದ ನಿಮ್ಮ ಎರಡನೇ ಪ್ರಶ್ನೆಗೆ ಬಂದೆವು. ಒಬ್ಬರೇ ಇರಬಹುದಾ?

1978ರಲ್ಲಿ ದಕ್ಷಿಣ ಸೈಬೀರಿಯಾದ ಅಬಕಾನ್ ಹೊಳೆಯ ಮೇಲ್ಭಾಗದಲ್ಲಿ ಹಾರುತ್ತಿದ್ದ ಭೂವಿಜ್ಞಾನಿಗಳಿಗೆ ಕಾಡಿನ ನಡುವೆ ಒಂದು ಉತ್ತ ಜಾಗ ಕಾಣಿಸಿತು. ಇಳಿದು ಹೋದರೆ ಕಾರ್ಪ್ ಲೈಕೋವ್ ಎಂಬ ಮುದುಕ ಮತ್ತು ಅವನ ನಾಲ್ಕು ಮಕ್ಕಳು. ಧರ್ಮದ ಕಾರಣಕ್ಕೆ 1936ರಲ್ಲಿ ಕಾಡು ಸೇರಿದ ಕುಟುಂಬ. ನಲವತ್ತು ವರ್ಷಕ್ಕಿಂತ ಜಾಸ್ತಿ ಹೊರಗಿನವರನ್ನು ಹೆಚ್ಚುಕಡಿಮೆ ಸೇರದೆಯೇ ಬದುಕಿದ್ದರು. ಎರಡನೇ ಮಹಾಯುದ್ಧ ನಡೆದದ್ದೇ ಅವರಿಗೆ ಗೊತ್ತಿರಲಿಲ್ಲ. ಪಾತ್ರೆಗಳು ತುಕ್ಕು ಹಿಡಿದು ಹೋದ ಮೇಲೆ ಬರ್ಚ್ ತೊಗಟೆಯ ಡಬ್ಬಿ ಮಾಡಿಕೊಂಡರು. ಅದನ್ನು ಬೆಂಕಿಗೆ ಇಡಲು ಆಗುವುದಿಲ್ಲ. ಉಪ್ಪು ಇರಲೇ ಇಲ್ಲ. 1961ರ ಜೂನ್‌ನಲ್ಲಿ ಹಿಮ ಬಿದ್ದು ಬೆಳೆಯೆಲ್ಲ ಸತ್ತಿತು. ತೊಗಟೆ, ಚರ್ಮದ ಬೂಟು ಬೇಯಿಸಿ ತಿಂದರು. ಮಕ್ಕಳಿಗೆ ಇರಲಿ ಎಂದು ತಾಯಿ ಅಕುಲಿನಾ ಊಟ ಬಿಟ್ಟು, ಹಸಿವಿನಿಂದ ಸತ್ತಳು. ಮುಂದಿನ ವರ್ಷ ಹೊಲದಲ್ಲಿ ಗೋಧಿಯಂಥ ರೈ ಧಾನ್ಯದ ಒಂದೇ ಒಂದು ಸಸಿ ಮೊಳೆಯಿತು. ಅದಕ್ಕೆ ಬೇಲಿ ಕಟ್ಟಿ, ಇಲಿ ಅಳಿಲು ಬಾರದ ಹಾಗೆ ಹಗಲು ರಾತ್ರಿ ಕಾದರು. ಬಂದ ತೆನೆಯಲ್ಲಿ 18 ಕಾಳು. ಆ 18 ಕಾಳಿನಿಂದ ಮತ್ತೆ ಬೆಳೆ ಎಬ್ಬಿಸಿದರು.

ನಾನು ಈ ಕತೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ಆ ತೆನೆಯ ಮುಂದೆ ಕೂತು ಕಾದವರನ್ನು ನೆನೆಸಿಕೊಳ್ಳುತ್ತೇನೆ. ಎಂಥ ಜೀವ ಅವರದು! ಆದರೆ ನೀವು ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ. ಹತ್ತು ಒಳ್ಳೆಯ ವರ್ಷ ಒಬ್ಬರೇ ದೂಡಬಹುದು. ಹನ್ನೊಂದನೆಯದು ಕೆಟ್ಟರೆ ಪಕ್ಕದ ಮನೆ ಬೇಕು.

ತೈಗಾದ ಮೂಲದವರು ಇದನ್ನು ಚೆನ್ನಾಗಿ ಬಲ್ಲರು. ಎವೆಂಕಿ ಜನರಲ್ಲಿ ನಿಮಾತ್ ಎಂಬ ಪದ್ಧತಿ ಇದೆ. ಬೇಟೆಗಾರ ಹೊಡೆದ ದೊಡ್ಡ ಪ್ರಾಣಿಯ ಮಾಂಸ ಅವನೊಬ್ಬನದಲ್ಲ, ಬಿಡಾರಕ್ಕೆಲ್ಲ ಹಂಚಬೇಕು. ಇವತ್ತು ಕೊಟ್ಟವನಿಗೆ ನಾಳೆ ಸಿಗುತ್ತದೆ. ಇನ್ನೊಂದು, ಅವರು ಒಂದೇ ಕಡೆ ಕೂರುವುದಿಲ್ಲ. ಹಿಮಸಾರಂಗ ಚಳಿಗಾಲದಲ್ಲಿ ತಿನ್ನುವುದು ಕಲ್ಲುಹೂವಿನ ಜಾತಿಯದ್ದನ್ನು. ಇಲ್ಲಿ ಪುಣೆಯಲ್ಲಿ ಗೋಡಾ ಮಸಾಲೆಗೆ ದಗಡ್ ಫೂಲ್ ಹಾಕುತ್ತಾರಲ್ಲ, ಅದರ ಬಳಗ. ತೈಗಾದಲ್ಲಿ ಅದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಮಂದೆ ಒಂದೇ ಕಡೆ ನಿಂತು ಬುಡಮಟ್ಟ ಮೇಯ್ದರೆ ಮತ್ತೆ ಬರಲು ಹತ್ತಾರು ವರ್ಷ ಬೇಕು. ಅದಕ್ಕೇ ಗುಡಾರ ಕಿತ್ತುಕೊಂಡು ಮುಂದೆ ಹೋಗುತ್ತಾ ಇರುವುದು. ಬೇಸಿಗೆಯಲ್ಲಿ ಸೊಳ್ಳೆಯ ಕಾಟ ಚಳಿಗಿಂತ ಜಾಸ್ತಿ. ಆಗ ಹೊಗೆ ಹಾಕಿದರೆ ಹಿಮಸಾರಂಗಗಳು ತಾವಾಗೇ ಬಂದು ಹೊಗೆಯೊಳಗೆ ನಿಲ್ಲುತ್ತವೆ.

ಇನ್ನು ಕಾಡಿಗೆ ಆಗುವ ಕೆಡುಕು. ತೈಗಾ ಎಂದರೆ ರಷ್ಯಾ, ಕೆನಡಾ, ಅಲಾಸ್ಕಾ, ಸ್ವೀಡನ್, ಫಿನ್‌ಲ್ಯಾಂಡ್, ನಾರ್ವೆಗಳ ಮೇಲೆ ಹಾಸಿದ ಪಟ್ಟಿ. ಜಗತ್ತಿನ ಕಾಡಿನಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು. ಇಷ್ಟು ದೊಡ್ಡದಕ್ಕೆ ಏನಾದೀತು ಎಂದು ಹಿಂದಿನವರೂ ಅಂದುಕೊಂಡಿದ್ದರು. ಸೇಬಲ್ ಎಂಬ, ಸುಮಾರು ಮುಂಗುಸಿಯಷ್ಟೇ ಇರುವ ಪ್ರಾಣಿಯ ತುಪ್ಪಳದ ಆಸೆಗೆ ರಷ್ಯನ್ನರು 1580ರ ದಶಕದಲ್ಲಿ ಉರಾಲ್ ಬೆಟ್ಟ ದಾಟಿದರು. 1639ಕ್ಕೆ ಪೆಸಿಫಿಕ್ ಕಡಲು ಮುಟ್ಟಿದ್ದರು. ಅರವತ್ತು ವರ್ಷದೊಳಗೆ ಇಡೀ ಸೈಬೀರಿಯಾ! ಒಂದು ಹೊಳೆಯ ಸೇಬಲ್ ಮುಗಿದರೆ ಮುಂದಿನ ಹೊಳೆ. ಮೂಲದವರ ಮೇಲೆ ತುಪ್ಪಳದ ಕಂದಾಯ ಹೇರಿದರು. ಅವರ ಜೊತೆ ಸಿಡುಬೂ ಹೋಯಿತು. ಇಪ್ಪತ್ತನೇ ಶತಮಾನದ ಹೊತ್ತಿಗೆ ಸೇಬಲ್ ಎಷ್ಟು ಕಡಿಮೆಯಾಯಿತೆಂದರೆ, ಅದನ್ನು ಉಳಿಸಲು ಬೈಕಲ್ ಸರೋವರದ ಪಕ್ಕ ಬರ್ಗುಜಿನ್ ಎಂಬಲ್ಲಿ 1917ರ ಜನವರಿಯಲ್ಲಿ ಕಾಯ್ದಿಟ್ಟ ಕಾಡು ಮಾಡಬೇಕಾಯಿತು. ಸೇಬಲ್ ಮತ್ತೆ ಹೆಚ್ಚಿತು. ಪ್ರಾಣಿ ಹಾಗೆ ವಾಪಸು ಬರಬಹುದು. ನೆಲ ಬರುವುದಿಲ್ಲ. ನನ್ನ ಚಿಂತೆ ನೆಲದ್ದೇ.

ನೀವು ಮೀನಿನವರು, ನಿಮಗೆ ಇದು ಥಟ್ಟನೆ ಗೊತ್ತಾಗುತ್ತದೆ. ಐಸ್ ಗಡ್ಡೆಯನ್ನು ಮರದ ಹೊಟ್ಟು ಹಾಕಿ, ಗೋಣಿ ಮುಚ್ಚಿ ಇಟ್ಟರೆ ಎಷ್ಟೋ ದಿನ ಉಳಿಯುತ್ತದೆ. 1830ರ ದಶಕದಲ್ಲಿ ಅಮೆರಿಕದ ಕೆರೆಗಳ ಐಸ್ ಹೀಗೆ ಮರದ ಹೊಟ್ಟಿನಲ್ಲಿ ಕೂತೇ ಹಡಗಿನಲ್ಲಿ ಮುಂಬೈಗೆ ಬಂದಿಳಿಯುತ್ತಿತ್ತು. ಗೋಣಿ ಎತ್ತಿದರೆ? ಪೂರ್ವ ಸೈಬೀರಿಯಾದ ತೈಗಾ ನಿಂತಿರುವುದು ಅಂಥ ಐಸ್ ಮೇಲೆ. ಪರ್ಮಾಫ್ರಾಸ್ಟ್, ಅಂದರೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲ. ಯಾಕುತ್‌ಸ್ಕ್ ನಗರದಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ನೀರಿಗಾಗಿ 1828ರಲ್ಲಿ ಬಾವಿ ತೋಡಿಸಲು ಶುರು ಮಾಡಿದ. 1837ರವರೆಗೆ 116 ಮೀಟರ್ ಇಳಿದರೂ ಹೆಪ್ಪು ನೆಲವೇ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ. ಅಲ್ಲಿ ಬೆಳೆಯುವ ಲಾರ್ಚ್ ಎಂಬ ಸೂಜಿ ಎಲೆ ಮರದ ಬೇರು ಇರುವುದು ಅಷ್ಟರಲ್ಲೇ. ಮರದ ನೆರಳು, ಪಾಚಿ, ಕೊಳೆಯದ ಎಲೆಯ ಹಾಸಿಗೆ, ಇವೇ ಆ ಐಸ್ ಮೇಲಿನ ಗೋಣಿ.

1960ರ ದಶಕದಲ್ಲಿ ಸಖಾ ಜನರ ಸೀಮೆಯಾದ ಯಾಕುತಿಯಾದ ಬತಗಾಯ್ ಎಂಬ ಊರಿನ ಹತ್ತಿರ ಒಂದಿಷ್ಟು ಕಾಡು ಕಡಿದರು. ಬಿಸಿಲು ನೇರ ನೆಲಕ್ಕೆ ಬಿತ್ತು. ಒಳಗಿನ ಐಸ್ ಕರಗಿತು, ಮಣ್ಣು ಕುಸಿಯಿತು. ಕುಸಿದ ಅಂಚಿನಲ್ಲಿ ಹೊಸ ಐಸ್ ಬಿಸಿಲಿಗೆ ಬಂತು, ಅದೂ ಕರಗಿತು. ಅವತ್ತಿನಿಂದ ಇವತ್ತಿನವರೆಗೆ ಅದು ನಿಂತಿಲ್ಲ. ಈಗ ಸುಮಾರು ಒಂದು ಕಿಲೋಮೀಟರ್ ಉದ್ದದ, 50 ಮೀಟರ್‌ಗೂ ಹೆಚ್ಚು ಆಳದ ಕಮರಿ. ಕಡಿದವರು ಎಷ್ಟು ಜನ ಇದ್ದರೋ, ಅದನ್ನು ಈಗ ಎಷ್ಟು ಸಾವಿರ ಜನ ಹೋದರೂ ನಿಲ್ಲಿಸಲಾರರು. 2018ರಲ್ಲಿ ಆ ಕಮರಿಯ ಗೋಡೆಯಿಂದ ಒಂದು ಕುದುರೆ ಮರಿ ಸಿಕ್ಕಿತು. ಸತ್ತು 42 ಸಾವಿರ ವರ್ಷವಾಗಿತ್ತು. ಚರ್ಮ, ಕೂದಲು, ಗೊರಸು ಹಾಗೇ ಇದ್ದವು. ಅಂಥ ಕೋಲ್ಡ್ ಸ್ಟೋರೇಜ್ ಅದು.

ಕರೆಂಟ್ ಹೋಗಿ, ಜನರೇಟರೂ ಕೈಕೊಟ್ಟರೆ ನಿಮ್ಮ ಸ್ಟೋರೇಜ್ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೀನು ಕೊಳೆಯಲು ಶುರುವಾಗುತ್ತದೆ. ಅಲ್ಲೂ ಅದೇ. ಸಾವಿರಾರು ವರ್ಷದಿಂದ ಕೊಳೆಯದೆ ಉಳಿದ ಎಲೆ, ಬೇರು, ಪ್ರಾಣಿ ಎಲ್ಲ ಕರಗಿದ ಕೂಡಲೇ ಕೊಳೆಯುತ್ತವೆ. ಹೊರಗೆ ಬರುವುದು ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್. ತೈಗಾ ಮತ್ತು ಅದರ ಉತ್ತರದ ಬಯಲು ಸೇರಿ ಪರ್ಮಾಫ್ರಾಸ್ಟ್ ಸೀಮೆಯ ಮಣ್ಣಿನಲ್ಲಿ ಇರುವ ಇಂಗಾಲ ಸುಮಾರು 1,500 ಶತಕೋಟಿ ಟನ್. ಇಡೀ ವಾತಾವರಣದಲ್ಲಿ ಇರುವುದರ ಹೆಚ್ಚುಕಡಿಮೆ ಎರಡು ಪಟ್ಟು.

ಹಾಗಾಗಿ ಗೋಣಿ ಎತ್ತಲು ಕೊಡಲಿಯೇ ಬೇಕೆಂದಿಲ್ಲ. ನಾವು ಇಲ್ಲಿ, ಎಲ್ಲ ಕಡೆ ಸುಡುವ ಕಲ್ಲಿದ್ದಲು, ಪೆಟ್ರೋಲು ಸಾಕು. ಯಾಕುತಿಯಾದ ವೆರ್ಖೊಯಾನ್‌ಸ್ಕ್ ಎಂಬ ಊರಿನಲ್ಲಿ 1892ರ ಫೆಬ್ರವರಿಯಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿತ್ತು. ಅದೇ ಊರಿನಲ್ಲಿ 2020ರ ಜೂನ್ 20ರಂದು 38 ಡಿಗ್ರಿ. ಪುಣೆಯ ಏಪ್ರಿಲ್ ಬಿಸಿಲು ಅದು! ಬೆಂಕಿ ತೈಗಾಕ್ಕೆ ಹೊಸದಲ್ಲ. ಸಿಡಿಲಿಗೆ ಹತ್ತಿಕೊಳ್ಳುವುದು, ಸುಟ್ಟ ಮೇಲೆ ಮತ್ತೆ ಚಿಗುರುವುದು ಅದರ ಬಾಳಿನ ಭಾಗವೇ. ಜ್ಯಾಕ್ ಪೈನ್ ಮರದ ಕಾಯಿ ಬೆಂಕಿಯ ಬಿಸಿಗೇ ಬಾಯಿ ಬಿಡುತ್ತದೆ. ಈಗಿನ ತೊಂದರೆ ಅಂದರೆ ಬೇಸಿಗೆ ಬಿಸಿಯಾಗಿ, ಒಣಗಿ, ಬೆಂಕಿ ಮೇಲಿಂದ ಮೇಲೆ ಬರುತ್ತಿದೆ. ಗೋಣಿಯೂ ಸುಟ್ಟು ಹೋಗುತ್ತಿದೆ. 2021ರಲ್ಲಿ ಯಾಕುತಿಯಾದ ಹೊಗೆ ಉತ್ತರ ಧ್ರುವದವರೆಗೆ ಹೋಯಿತು. 2023ರಲ್ಲಿ ಕೆನಡಾದಲ್ಲಿ ಸುಟ್ಟದ್ದು ಒಂದೂವರೆ ಕೋಟಿ ಹೆಕ್ಟೇರಿನಷ್ಟು. ನಮ್ಮ ಕರ್ನಾಟಕದ ಮುಕ್ಕಾಲು ಪಾಲು ಅಂತ ಲೆಕ್ಕ ಹಾಕಿಕೊಳ್ಳಿ.

ಇದರ ಪೆಟ್ಟು ಮೊದಲು ತಿನ್ನುವವರು ಅಲ್ಲಿಯವರೇ. ಸಖಾ ಹಳ್ಳಿಗಳಲ್ಲಿ ಮನೆಗೊಂದು ಬುಲುಸ್ ಇರುತ್ತದೆ. ಹೆಪ್ಪು ನೆಲದಲ್ಲಿ ತೋಡಿದ ಉಗ್ರಾಣ. ಮಾಂಸ, ಮೀನು, ಐಸ್ ಎಲ್ಲ ಅದರಲ್ಲಿ, ಬೇಸಿಗೆಯಲ್ಲೂ ಕೆಡುವುದಿಲ್ಲ. ಕೆಲವು ಕಡೆ ಈಗ ಅದರೊಳಗೆ ನೀರು ನಿಲ್ಲುತ್ತಿದೆ. ಯಾಕುತ್‌ಸ್ಕ್‌ನ ಕಟ್ಟಡಗಳನ್ನು ಕಂಬದ ಮೇಲೆ ಎತ್ತಿ ಕಟ್ಟಿರುವುದು ಮನೆಯ ಬಿಸಿ ನೆಲಕ್ಕೆ ತಾಗದಿರಲಿ ಎಂದೇ. ಆ ಕಂಬಗಳೂ ಅಲ್ಲಲ್ಲಿ ಕುಸಿದು ಗೋಡೆ ಬಿರುಕು ಬಿಡುತ್ತಿವೆ.

ಮೀನಿನ ಒಂದು ವಿಷಯ ನಿಮಗೆ ಹೇಳಲೇಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1970ರ ದಶಕದಲ್ಲಿ ಜೇಮ್ಸ್ ಕೊಲ್ಲಿಗೆ ಹರಿಯುವ ನದಿಗಳಿಗೆ ದೊಡ್ಡ ಅಣೆಕಟ್ಟು ಕಟ್ಟಿದರು. ಕರೆಂಟಿಗಾಗಿ. ಅಲ್ಲಿಯ ಕ್ರೀ ಜನ ಕೋರ್ಟಿಗೆ ಹೋದರು, ಹೋರಾಡಿದರು. 1975ರಲ್ಲಿ ಒಪ್ಪಂದವಾಯಿತು. ಕಾಡು ಮುಳುಗಿತು. ಮುಳುಗಿದ ಮಣ್ಣು, ಪಾಚಿ, ಎಲೆಗಳಲ್ಲಿದ್ದ ಪಾದರಸವನ್ನು ಬ್ಯಾಕ್ಟೀರಿಯಾಗಳು ವಿಷದ ರೂಪಕ್ಕೆ ತಿರುಗಿಸಿದವು. ಅದು ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ, ಅಲ್ಲಿಂದ ಜನರ ಮೈಗೆ. ಕಣ್ಣಿಗೆ ಮೀನು ಮೊದಲಿನ ಹಾಗೇ ಇತ್ತು, ರುಚಿಯೂ ಅದೇ. ತಲೆತಲಾಂತರದಿಂದ ಮೀನು ತಿಂದ ಜನರಿಗೆ, ನಿಮ್ಮ ಹೊಳೆಯ ಮೀನು ಜಾಸ್ತಿ ತಿನ್ನಬೇಡಿ ಎಂದು ಹೇಳಬೇಕಾಯಿತು. ಗಂಗೊಳ್ಳಿಯ ಒಂದು ಮನೆಗೆ ಹೋಗಿ ಹಾಗೆ ಹೇಳಿದರೆ ಹೇಗಿರುತ್ತದೆ ಎಂದು ಯೋಚಿಸಿ.

ನಮಗೂ ಆ ಕಾಡಿಗೂ ನೇರ ಸಂಬಂಧ ಇದೆಯಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ದೇಶ ತರಿಸಿಕೊಳ್ಳುವ ನ್ಯೂಸ್‌ಪ್ರಿಂಟ್‌ನಲ್ಲಿ, ಅಂದರೆ ಪತ್ರಿಕೆ ಅಚ್ಚು ಹಾಕುವ ಕಾಗದದಲ್ಲಿ, ರಷ್ಯಾ, ಕೆನಡಾದ ಪಾಲು ದೊಡ್ಡದು. ನಿಧಾನ ಬೆಳೆದ ಸೂಜಿ ಎಲೆ ಮರದ ನಾರು ಉದ್ದ, ಕಾಗದ ಹರಿಯುವುದಿಲ್ಲ. ನಿಲ್ದಾಣದ ಹೊರಗೆ ವಡಾಪಾವ್ ಸುತ್ತಿಕೊಡುವ ಪೇಪರಿನಲ್ಲಿ ನನ್ನ ಮೇಜಿನ ಬಿಲ್ಲೆಯಂಥ ಮರವೇ ಇರಬಹುದು.

ಇನ್ನೊಂದು ಸಂಬಂಧ ಹಾರಿಕೊಂಡು ಬರುತ್ತದೆ. ಪುಣೆಯಿಂದ ಸೋಲಾಪುರ ರಸ್ತೆಯಲ್ಲಿ ಲೋಣಿಗೆ ಹೋಗುವಾಗ ಮುಳಾ-ಮುಠಾ ಹೊಳೆಯ ದಂಡೆಯಲ್ಲಿ ಕವಡಿ ಎಂಬ ಜಾಗ ಇದೆ. ನೀರಿನ ತುಂಬ ನಗರದ ಕೊಳಕು, ಪ್ಲಾಸ್ಟಿಕ್. ಆದರೂ ಚಳಿಗಾಲದಲ್ಲಿ ಅಲ್ಲಿ ಗ್ರೀನ್ ಸ್ಯಾಂಡ್‌ಪೈಪರ್ ಎಂಬ ಗದ್ದೆಗೊರವ ಬರುತ್ತದೆ. ಅದರ ತವರು ತೈಗಾದ ಜೌಗು ಕಾಡು. ಬಹುಪಾಲು ಗೊರವಗಳ ಹಾಗೆ ಇದು ನೆಲದ ಮೇಲೆ ಮೊಟ್ಟೆ ಇಡುವುದಿಲ್ಲ. ಮರದ ಮೇಲೆ ಬೇರೆ ಹಕ್ಕಿ ಬಿಟ್ಟುಹೋದ ಹಳೆಯ ಗೂಡಿನಲ್ಲಿ ಇಡುತ್ತದೆ. ಮರಿಗಳು ಒಡೆದು ಬಂದ ಸ್ವಲ್ಪ ಹೊತ್ತಿಗೇ ಕೆಳಗಿನ ಪಾಚಿಯ ಮೇಲೆ ಧುಮುಕುತ್ತವೆ. ಅದಕ್ಕೆ ಮರವೂ ಬೇಕು, ಬುಡದಲ್ಲಿ ಒದ್ದೆ ನೆಲವೂ ಬೇಕು. ಫಿನ್‌ಲ್ಯಾಂಡ್ ಒಂದೇ ತನ್ನ ಜೌಗು ನೆಲದ ಸುಮಾರು ಅರ್ಧವನ್ನು ಕಾಲುವೆ ತೋಡಿ ಒಣಗಿಸಿತು, ಮರ ಬೇಗ ಬೆಳೆಯಲಿ ಎಂದು. ಈಗ ಅವರೇ ಕೆಲವು ಕಡೆ ಕಾಲುವೆ ಮುಚ್ಚುತ್ತಿದ್ದಾರೆ.

ರಜೆ ಸಿಕ್ಕಿದಾಗ ಬನ್ನಿ. ಡಿಸೆಂಬರ್, ಜನವರಿಯಾದರೆ ಒಳ್ಳೆಯದು, ಬೆಳಿಗ್ಗೆ ಏಳರೊಳಗೆ ದಂಡೆ ಸೇರಬೇಕು. ನೀರಿನ ಅಂಚಿನಲ್ಲಿ ಒಂಟಿಯಾಗಿ, ಬೆನ್ನು ಕಪ್ಪುಹಸಿರು, ಹೊಟ್ಟೆ ಬಿಳಿ, ಬಾಲದ ಕಡೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಕೆಸರು ಕುಕ್ಕುತ್ತಿದ್ದರೆ ಅದೇ. ಹತ್ತಿರ ಹೋಗಬೇಡಿ. ಕೂಗಿ ಹಾರಿದಾಗ ಸೊಂಟದ ಬಿಳಿ ಮಚ್ಚೆ ಫಕ್ಕನೆ ಕಾಣುತ್ತದೆ.